ಮನೆಗೆ ಬಂದ ಅಮ್ಮನ ಬೆನ್ನಿನ ಕೆಳಗೆ ಕೆಂಪು ಕಲೆ

ಪ್ರಶ್ನೆ: ಅಮ್ಮನಿಗೆ 78 ವರ್ಷ. ಬಚ್ಚಲಲ್ಲಿ ಜಾರಿ ತೊಡೆಮೂಳೆಯ ಮೇಲ್ತುದಿ ಮುರಿದಿತ್ತು. ಆಪರೇಷನ್ ಮುಗಿಸಿ ಕಳೆದ ವಾರ ಮನೆಗೆ ಕರೆತಂದೆವು. ಮಲಗಿರುವುದೇ ಹೆಚ್ಚು. ಬೆನ್ನಿನ ಬುಡದ ಮೂಳೆಯ ಹತ್ತಿರ ಕೆಂಪಾಗಿದೆ. ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇವೆ, ಕೂರಿಸಲು ಗಾಳಿ ತುಂಬುವ ರಿಂಗ್ ತಂದಿದ್ದೇವೆ. ಸಾಕೇ? ಹಳೆಯ ಬಿಪಿ ಮಾತ್ರೆಯನ್ನೂ ಕೊಡಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಿಕ್ಕುವುದನ್ನು ಇವತ್ತೇ ನಿಲ್ಲಿಸಿ, ರಿಂಗನ್ನೂ ತೆಗೆದಿಡಿ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ ನಲುಗಿದ ಚರ್ಮ ಅದು. ತಿಕ್ಕಿದರೆ ಒಳಗಿನ ಸಣ್ಣ ರಕ್ತನಾಳಗಳಿಗೆ ಇನ್ನಷ್ಟು ಪೆಟ್ಟು. ರಿಂಗ್ ಸುತ್ತಲೂ ಒತ್ತಿ, ನಡುವಿನ ಜಾಗಕ್ಕೆ ಹೋಗುವ ರಕ್ತವನ್ನೇ ತಡೆಯುತ್ತದೆ.

ಕೆಂಪಾದಲ್ಲಿ ಬೆರಳಿನಿಂದ ಒತ್ತಿ ಬಿಡಿ. ಬಿಳಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣುವುದು ಕಷ್ಟ. ಸುತ್ತಲಿಗಿಂತ ಬಿಸಿ, ಗಟ್ಟಿ ಅಥವಾ ನೋವಿದೆಯೇ ಎಂದು ಮುಟ್ಟಿ ನೋಡಬೇಕು.

ಭಾರ ತೆಗೆಯುವುದೇ ಮದ್ದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಸೊಂಟದ ಪಕ್ಕದ ಮೂಳೆಗೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಮೊಣಕಾಲುಗಳ ನಡುವೆ ದಿಂಬಿರಲಿ. ಆಪರೇಷನ್ ಆದ ಕಡೆಗೂ ವಾಲಿಸಬಹುದೇ ಎಂದು ಸರ್ಜನ್‌ರನ್ನು ಕೇಳಿಕೊಳ್ಳಿ. ಹಿಮ್ಮಡಿಯನ್ನು ಎಲ್ಲರೂ ಮರೆಯುತ್ತಾರೆ, ಅಲ್ಲೂ ಹುಣ್ಣಾಗುತ್ತದೆ: ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಮೇಲಕ್ಕೆ ಸರಿಸುವಾಗ ರಟ್ಟೆ ಹಿಡಿದು ಎಳೆದರೆ ಚರ್ಮ ಉಜ್ಜಿಹೋಗುತ್ತದೆ. ಮಡಚಿದ ಬೆಡ್‌ಶೀಟನ್ನು ಮೈ ಕೆಳಗೆ ಹಾಸಿ, ಇಬ್ಬರು ಸೇರಿ ಎತ್ತಿ ಸರಿಸಿ. ಏರ್ ಬೆಡ್ ತಂದರೆ ಮೇಲೆ ಒಂದೇ ತೆಳು ಬಟ್ಟೆ. ಕಂಬಳಿ, ರಬ್ಬರ್ ಶೀಟ್ ಪೇರಿಸಿದರೆ ಕೊಟ್ಟ ದುಡ್ಡು ದಂಡ. ಅದಿದ್ದರೂ ಮಗ್ಗುಲು ಬದಲಿಸುವುದು ತಪ್ಪಬಾರದು.

ಬರೀ ಗಂಜಿ ಕುಡಿಸಿದರೆ ಚರ್ಮ ಕೂಡುವುದಿಲ್ಲ. 50 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಿಡ್ನಿ ತೊಂದರೆಯಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಗುಳ್ಳೆ ಎದ್ದರೆ, ಸಿಪ್ಪೆ ಸುಲಿದರೆ, ಕಪ್ಪಾದರೆ ಅದೇ ದಿನ ತೋರಿಸಿ. ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಹೊರಡಿ. ಜೊತೆಗೆ ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಫೋನ್ ಮಾಡಿ.

ಬಿಪಿ ಮಾತ್ರೆಯ ವಿಷಯದಲ್ಲಿ ಊಹೆ ಬೇಡ. ಹಳೆಯದರಲ್ಲೂ ಆಸ್ಪತ್ರೆ ಬರೆದುಕೊಟ್ಟಿದ್ದರಲ್ಲೂ ಅಮ್ಲೋಡಿಪಿನ್ ಎಂಬ ಒಂದೇ ಬಿಪಿ ಔಷಧಿ ಇದ್ದು, ಕಂಪನಿಯ ಹೆಸರಷ್ಟೇ ಬೇರೆ ಇರಬಹುದು. ಎರಡನ್ನೂ ಕೊಟ್ಟರೆ ಬಿಪಿ ಇಳಿದು, ಎದ್ದು ನಿಂತಾಗ ತಲೆಸುತ್ತಿ ಮತ್ತೆ ಬೀಳುತ್ತಾರೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಡಿಸ್ಚಾರ್ಜ್ ಸಮ್ಮರಿಯನ್ನೂ ಒಂದೇ ಚೀಲದಲ್ಲಿ ಹಾಕಿ ಡಾಕ್ಟರ ಮುಂದಿಡಿ. ಯಾವುದನ್ನು ನಿಲ್ಲಿಸಬೇಕೆಂದು ಅವರಿಂದಲೇ ಬರೆಸಿಕೊಳ್ಳಿ.