ಪ್ರಶ್ನೋತ್ತರ: ಸ್ವಿಚ್ಚಿನೊಳಗೇ ಇರುವ ಕಾವಲು

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಎಲ್ಲ ಕಂಪ್ಯೂಟರಿಗೂ 10ರಿಂದ ಶುರುವಾಗುವ ಐಪಿ ವಿಳಾಸ ಬರಬೇಕು. ಈಚೆಗೆ ಕೆಲವಕ್ಕೆ 192.168.0.x ಬಂದು ಇಂಟರ್ನೆಟ್ ನಿಲ್ಲುತ್ತಿದೆ. ಇವನ್ನೆಲ್ಲ ಜೋಡಿಸುವ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ನೆಟ್‌ವರ್ಕ್ ಪೆಟ್ಟಿಗೆ) ಕೆಟ್ಟಿದೆಯೇ?
— ಓದುಗರು, ಹಾಸನ

ಉತ್ತರ: ಸ್ವಿಚ್ ಚೆನ್ನಾಗಿಯೇ ಇದೆ. ಯಾರೋ ಮನೆಯ ವೈಫೈ ರೂಟರ್ ತಂದು, ಅದರ ಲ್ಯಾನ್ ಪೋರ್ಟಿಗೆ ನಿಮ್ಮ ಕೇಬಲ್ ಚುಚ್ಚಿರುವ ಲಕ್ಷಣ ಇದು. ವಿಳಾಸ ಬೇಕಾದಾಗ ಕಂಪ್ಯೂಟರ್ ಇಡೀ ಜಾಲಕ್ಕೆ ಕೂಗಿ ಕೇಳುತ್ತದೆ. ಸಾಮಾನ್ಯವಾಗಿ ಮೊದಲು ಓಗೊಟ್ಟವರದ್ದನ್ನೇ ಒಪ್ಪಿಕೊಳ್ಳುತ್ತದೆ. ಆ ಪುಟ್ಟ ರೂಟರ್ ನಿಮ್ಮ ಸರ್ವರಿಗಿಂತ ಮುಂಚೆ ಉತ್ತರಿಸುತ್ತಿದೆ.

ಮೊದಲು ಅದನ್ನು ಹಿಡಿಯಿರಿ. ತೊಂದರೆಯಾದ ಕಂಪ್ಯೂಟರಿನಲ್ಲಿ 'ಐಪಿಕಾನ್ಫಿಗ್ /ಆಲ್' (ipconfig /all) ಆದೇಶ ಕೊಟ್ಟು ಡಿಎಚ್‌ಸಿಪಿ ಸರ್ವರ್ (ವಿಳಾಸ ಹಂಚುವ ಯಂತ್ರ) ಎಂಬ ಸಾಲು ನೋಡಿ. 'ಎಆರ್‌ಪಿ -ಎ' (arp -a) ಕೊಟ್ಟರೆ ಆ ವಿಳಾಸದ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಸಿಗುತ್ತದೆ. ಅದನ್ನು ಸ್ವಿಚ್ಚಿನ ಮ್ಯಾಕ್ ಟೇಬಲ್‌ನಲ್ಲಿ ಹುಡುಕಿದರೆ ಯಾವ ಪೋರ್ಟ್ ಎಂದು ತಿಳಿಯುತ್ತದೆ.

ಮತ್ತೆ ಹೀಗಾಗದಿರಲು, ನಂಬಿಕೆಯಿಲ್ಲದ ಪೋರ್ಟಿನಿಂದ ಬರುವ ವಿಳಾಸದ ಉತ್ತರಗಳನ್ನು ಸ್ವಿಚ್ಚೇ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಬೇಕು. ಸರ್ವರ್ ಕಡೆಗಿನ ಪೋರ್ಟನ್ನೂ ಸ್ವಿಚ್‌ಗಳ ನಡುವಿನ ಅಪ್‌ಲಿಂಕನ್ನೂ ಮೊದಲೇ 'ಟ್ರಸ್ಟ್' ಮಾಡಿ, ಆಮೇಲೆ ಸ್ನೂಪಿಂಗ್ ಆನ್ ಮಾಡಿ. ಕ್ರಮ ತಪ್ಪಿದರೆ ಅಸಲಿ ಸರ್ವರಿನ ಉತ್ತರವನ್ನೂ ಸ್ವಿಚ್ ತಡೆದು ಹೊಸದಾಗಿ ಯಾರಿಗೂ ವಿಳಾಸ ಸಿಗದು. ಸಿಸ್ಕೊ ಸ್ವಿಚ್‌ಗಳಲ್ಲಿ ಇನ್ನೊಂದು ತೊಡಕು: ಸ್ವಿಚ್ ತಾನಾಗಿ ಕೋರಿಕೆಗೆ 'ಆಪ್ಷನ್ 82' (ಅದು ಯಾವ ಪೋರ್ಟಿನಿಂದ ಬಂತೆಂಬ ಟಿಪ್ಪಣಿ) ಸೇರಿಸುತ್ತದೆ, ಕೆಲವು ಸರ್ವರ್‌ಗಳು ಅಂಥ ಕೋರಿಕೆಯನ್ನು ತಿರಸ್ಕರಿಸುತ್ತವೆ. ಎಲ್ಲ ಸರಿಯಿದ್ದೂ ವಿಳಾಸ ಬರದಿದ್ದರೆ ಆ ಸೇರ್ಪಡೆಯನ್ನು ಆಫ್ ಮಾಡಿ ನೋಡಿ.

ಯಾವ ಪೋರ್ಟಿನ ಯಾವ ಮ್ಯಾಕ್‌ಗೆ ಯಾವ ಐಪಿ ಎಂದು ಸ್ನೂಪಿಂಗ್ ಕಟ್ಟಿಕೊಡುವ ಪಟ್ಟಿಯೇ ನಕಲಿ ಎಆರ್‌ಪಿ ('ಈ ಐಪಿ ಈ ಮ್ಯಾಕ್‌ನದು' ಎಂದು ಸಾರುವ ಸಂದೇಶ) ತಡೆಯುವ ಡೈನಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್‌ಗೆ ಆಧಾರ. ಆದ್ದರಿಂದ ಎರಡನ್ನೂ ಒಂದೇ ದಿನ ಆನ್ ಮಾಡಬೇಡಿ. ಎಲ್ಲ ಯಂತ್ರಗಳೂ ವಿಳಾಸ ನವೀಕರಿಸಿ ಪಟ್ಟಿ ತುಂಬಲಿ. ಕೈಯಾರೆ ವಿಳಾಸ ಕೊಟ್ಟ ಪ್ರಿಂಟರ್ ಆ ಪಟ್ಟಿಯಲ್ಲಿ ಇರುವುದಿಲ್ಲ, ಅದಕ್ಕೆ ಬೇರೆಯಾಗಿ ಅನುಮತಿ ಬರೆಯಬೇಕು. ಪಟ್ಟಿಯನ್ನು ಫ್ಲ್ಯಾಶ್‌ಗೋ ಬೇರೆ ಸರ್ವರಿಗೋ ಉಳಿಸದಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ಲ್ಯಾಬೇ ಸ್ತಬ್ಧ.

ಪ್ರಶ್ನೆ: ಪೋರ್ಟ್ ಸೆಕ್ಯುರಿಟಿ ಹಾಕಿದ ಕೂಡಲೇ ಐಪಿ ಫೋನ್ ಇರುವ ಮೇಜುಗಳ ಪೋರ್ಟ್ ಬಂದ್ ಆಗುತ್ತಿವೆ. ಏಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಒಂದು ಪೋರ್ಟಿನಲ್ಲಿ ಎಷ್ಟು ಮ್ಯಾಕ್ ಇರಬಹುದೆಂದು ಮಿತಿ ಹಾಕುವುದೇ ಪೋರ್ಟ್ ಸೆಕ್ಯುರಿಟಿ. ಸಿಸ್ಕೊದಲ್ಲಿ ಮೂಲ ಮಿತಿ ಒಂದೇ ಮ್ಯಾಕ್, ಮೀರಿದರೆ ಪೋರ್ಟ್ ಮುಚ್ಚುವುದೇ ಮೂಲ ಶಿಕ್ಷೆ. ಫೋನೂ ಅದರ ಹಿಂದಿನ ಕಂಪ್ಯೂಟರೂ ಸೇರಿ ಎರಡಾದವು. ಫೋನ್ ಎರಡು ವಿಲ್ಯಾನ್‌ಗಳಲ್ಲೂ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲಗಳು) ಕಾಣಿಸಿಕೊಳ್ಳಬಹುದು, ಹಾಗಾಗಿ ಮಿತಿಯನ್ನು 3 ಮಾಡಿ. ಶಿಕ್ಷೆಯನ್ನು 'ರಿಸ್ಟ್ರಿಕ್ಟ್'ಗೆ ಬದಲಿಸಿದರೆ ಪೋರ್ಟ್ ತೆರೆದೇ ಇದ್ದು ಅಪರಿಚಿತರ ದತ್ತಾಂಶವನ್ನು ಮಾತ್ರ ಸ್ವಿಚ್ ತಡೆಯುತ್ತದೆ, ಲಾಗ್‌ನಲ್ಲಿ ದಾಖಲೂ ಆಗುತ್ತದೆ. 'ಸ್ಟಿಕಿ' (ಕಂಡ ಮ್ಯಾಕ್ ಅನ್ನು ಕಾನ್ಫಿಗರೇಷನ್‌ಗೆ ಸ್ವಿಚ್ಚೇ ಬರೆದುಕೊಳ್ಳುವ ಆಯ್ಕೆ) ಬಳಸಿದ್ದರೆ ಕಾನ್ಫಿಗರೇಷನ್ ಸೇವ್ ಮಾಡಿ, ಇಲ್ಲವಾದರೆ ರೀಸ್ಟಾರ್ಟ್‌ಗೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ಮ್ಯಾಕ್ ನಕಲು ಮಾಡುವುದು ಸುಲಭ. ಯಾರು ಒಳಬಂದರು ಎಂದು ನಿಜವಾಗಿ ಪರೀಕ್ಷಿಸಬೇಕಿದ್ದರೆ 802.1ಎಕ್ಸ್ (ಗುರುತು ದೃಢಪಟ್ಟ ಮೇಲೆ ಮಾತ್ರ ಪೋರ್ಟ್ ತೆರೆಯುವ ವಿಧಾನ) ಮತ್ತು ಆ ಗುರುತನ್ನು ಪರಿಶೀಲಿಸುವ ರೇಡಿಯಸ್ ಸರ್ವರೇ ಬೇಕು.