ಓದುಗರ ಪ್ರಶ್ನೆ: ಪಾಸ್‌ಪೋರ್ಟ್, ವೀಸಾ, ಬ್ಯಾಗು ಮತ್ತು ಮಾತ್ರೆ ಚೀಟಿ

ವಿದೇಶ ಪ್ರಯಾಣದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹಲವರಿಗೆ ಉಪಯೋಗವಾಗುವಂಥವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನ ಅವಧಿ ಮುಗಿಯಲು ಇನ್ನೂ ಐದು ತಿಂಗಳಿದೆ. ಪ್ರವಾಸ ಹತ್ತೇ ದಿನದ್ದು. ಆದರೂ ವಿಮಾನ ಹತ್ತಲು ಬಿಡುವುದಿಲ್ಲ ಅಂತ ಟ್ರಾವೆಲ್ ಏಜೆಂಟ್ ಹೆದರಿಸುತ್ತಿದ್ದಾರೆ. ನಿಜವೇ?

ಯಾವ ದೇಶಕ್ಕೆ ಹೊರಟಿದ್ದೀರಿ ಎಂಬುದರ ಮೇಲಿದೆ. ಸಿಂಗಪುರ, ಇಂಡೊನೇಷ್ಯಾ, ಸಂಯುಕ್ತ ಅರಬ್ ಎಮಿರೇಟ್ಸ್ ಆರು ತಿಂಗಳ ಅವಧಿ ಉಳಿದಿರಲೇಬೇಕು ಎನ್ನುತ್ತವೆ. ಅಲ್ಲಿಗಾದರೆ ಏಜೆಂಟ್ ಹೇಳಿದ್ದು ಸರಿ. ಜಪಾನ್ ಮತ್ತು ಬ್ರಿಟನ್ನಿಗೆ ಅಲ್ಲಿರುವಷ್ಟು ದಿನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಕು. ತಮ್ಮ ನಡುವೆ ಗಡಿ ತಪಾಸಣೆ ಇಲ್ಲದೆ ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಿಗೆ ಎರಡು ಷರತ್ತು: ನೀವು ಅಲ್ಲಿಂದ ಹೊರಡುವ ದಿನದ ಆಚೆಗೆ ಕನಿಷ್ಠ ಮೂರು ತಿಂಗಳು ಉಳಿದಿರಬೇಕು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು.

ನಿಮ್ಮನ್ನು ಮೊದಲು ತಡೆಯುವವರು ಹೊರಡುವ ಊರಿನ ಚೆಕ್-ಇನ್ ಕೌಂಟರಿನವರು. ದಾಖಲೆ ಸರಿಯಿಲ್ಲದವರನ್ನು ಕರೆದುಕೊಂಡು ಹೋದರೆ ವಿಮಾನ ಸಂಸ್ಥೆಗೆ ದಂಡ ಬೀಳುತ್ತದೆ, ಅವರನ್ನು ವಾಪಸ್ ಕರೆತರುವ ಹೊಣೆಯೂ ಅದರ ತಲೆಗೇ. ಹಾಗಾಗಿ ಕೌಂಟರಿನವರು ಟಿಮ್ಯಾಟಿಕ್ ಎಂಬ ಡೇಟಾಬೇಸ್ ನೋಡುತ್ತಾರೆ. ವಿಮಾನ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಎಟಿಎ ನಡೆಸುವ ಇದರಲ್ಲಿ ಯಾವ ದೇಶದ ಪಾಸ್‌ಪೋರ್ಟಿಗೆ ಎಲ್ಲೆಲ್ಲಿ ಏನು ಬೇಕು ಎಂಬುದಿರುತ್ತದೆ. ಅದು ‘ಇಲ್ಲ’ ಎಂದರೆ ಅಲ್ಲಿ ವಾದ ಮಾಡಿ ಗೆದ್ದವರು ಕಡಿಮೆ. ಹಲವು ವಿಮಾನ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಇದೇ ಮಾಹಿತಿ ಪ್ರಯಾಣಿಕರಿಗೂ ಸಿಗುತ್ತದೆ. ಟಿಕೆಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ.

ಅವಧಿಯ ಜೊತೆ ಪುಟಗಳನ್ನೂ ತಿರುವಿ ನೋಡಿ. ಕೆಲವು ದೇಶಗಳು ಒಂದೆರಡು ಪೂರ್ತಿ ಖಾಲಿ ವೀಸಾ ಪುಟ ಕೇಳುತ್ತವೆ. ಫೋಟೊ ಇರುವ ಪುಟದ ಲ್ಯಾಮಿನೇಷನ್ ಎದ್ದಿದ್ದರೆ, ಹೊಲಿಗೆ ಬಿಚ್ಚಿದ್ದರೆ, ನೀರು ಬಿದ್ದು ಅಕ್ಷರ ಕದಡಿದ್ದರೆ ಹೊಸದು ಮಾಡಿಸುವುದೇ ಲೇಸು. ಪ್ರವಾಸಿ ತಾಣಗಳಲ್ಲಿ ನೆನಪಿಗೆಂದು ಒತ್ತುವ ಮೊಹರನ್ನು ಪಾಸ್‌ಪೋರ್ಟಿನಲ್ಲಿ ಹಾಕಿಸಿಕೊಳ್ಳಬೇಡಿ. ಸರ್ಕಾರದ ದಾಖಲೆಯನ್ನು ತಿದ್ದಿದಂತೆ ಅದು, ಅಷ್ಟಕ್ಕೇ ಪ್ರವೇಶ ಸಿಗದೆ ಹಿಂತಿರುಗಿದವರಿದ್ದಾರೆ.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ನನಗೆ ಗಿವನ್ ನೇಮ್ ಮಾತ್ರ ಇದೆ, ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಬುಕ್ ಮಾಡುವಾಗ ಎರಡನ್ನೂ ತುಂಬದೆ ಮುಂದಕ್ಕೆ ಹೋಗುವುದೇ ಇಲ್ಲ. ಏನು ಬರೆಯಲಿ?

ಅಪ್ಪನ ಹೆಸರನ್ನೋ ಇನಿಷಿಯಲ್ ಅನ್ನೋ ತುಂಬಿ ಮುಂದಕ್ಕೆ ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರು ಟಿಕೆಟ್‌ನಲ್ಲಿ ಬಂದರೆ ಕೌಂಟರಿನಲ್ಲಿ ಅದನ್ನು ಬೇರೆ ವ್ಯಕ್ತಿಯ ಟಿಕೆಟ್ ಎಂದೇ ನೋಡುತ್ತಾರೆ. ಒಂದೇ ಹೆಸರಿನವರಿಗೆ ಪ್ರತಿ ಸಂಸ್ಥೆಯದೂ ಒಂದೊಂದು ಪದ್ಧತಿ. ಕೆಲವರು ಅದೇ ಹೆಸರನ್ನು ಎರಡೂ ಕಡೆ ಬರೆಯಲು ಹೇಳುತ್ತಾರೆ, ಕೆಲವರು ಸರ್‌ನೇಮ್ ಜಾಗದಲ್ಲಿ ಹೆಸರು ಹಾಕಿ ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎನ್ನುತ್ತಾರೆ. ಹಣ ಕಟ್ಟುವ ಮುನ್ನ ಆ ಸಂಸ್ಥೆಯ ಸೂಚನೆ ಓದಿ. ಎರಡು ಸಂಸ್ಥೆಗಳ ವಿಮಾನ ಸೇರಿದ ಟಿಕೆಟ್ ಆದರೆ ಟಿಕೆಟ್ ಕೊಡುವ ಸಂಸ್ಥೆಯನ್ನೇ ಕೇಳಿ.

ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಎದುರು ಎಫ್‌ಎನ್‌ಯು ಎಂದು ಮುದ್ರಣವಾಗುತ್ತದೆ. ಅದು ಅಲ್ಲಿನ ಕ್ರಮ, ತಪ್ಪೆಂದು ಗಾಬರಿಯಾಗಬೇಡಿ. ಆದರೆ ಕೊಲ್ಲಿ ದೇಶಗಳಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ನಿರಾಕರಿಸಿದ್ದುಂಟು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಲ್ಲಿ ಇಂಥ ನಿಯಮ ತಂದಿತು. ಮೇಲಿಂದ ಮೇಲೆ ಪ್ರಯಾಣ ಮಾಡುವವರಾದರೆ ಪಾಸ್‌ಪೋರ್ಟಿನಲ್ಲೇ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳುವುದು ಶಾಶ್ವತ ಪರಿಹಾರ.

ಹೆಸರಿನ ಅನುಮಾನ ಬಂದಾಗಲೆಲ್ಲ ಫೋಟೊ ಪುಟದ ಕೆಳಗಿನ, ಬಾಣದಂಥ ಗುರುತುಗಳಿರುವ ಎರಡು ಸಾಲು ನೋಡಿ. ಯಂತ್ರ ಓದುವುದು ಅದನ್ನೇ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂದು ಗೊಂದಲವಾಗಿ ತಪ್ಪಾಗಿ ಟೈಪ್ ಮಾಡಿದ ಇ-ವೀಸಾ ಅರ್ಜಿಗಳಿಗೆ ಲೆಕ್ಕವಿಲ್ಲ. ಇ-ವೀಸಾದಲ್ಲಿ ಒಂದು ಅಕ್ಷರ ತಪ್ಪಿದರೂ ಅದು ನಿಮ್ಮ ವೀಸಾ ಅಲ್ಲ.

ಪ್ರಶ್ನೆ: ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡರೆ ತುಂಬಾ ಅಗ್ಗವಾಗುತ್ತದೆ. ನಡುವೆ ಮೂರು ಗಂಟೆ ಸಮಯವಿದೆ. ಸಾಕಲ್ಲವೇ?

ಸಾಲದು. ಸಮಯಕ್ಕಿಂತ ದೊಡ್ಡ ತೊಡಕು ವೀಸಾದ್ದು.

ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ಬ್ಯಾಗಿಗೆ ಕೊನೆಯ ನಿಲ್ದಾಣದವರೆಗೂ ಟ್ಯಾಗ್ ಹಾಕುತ್ತಾರೆ, ನೀವು ನಡುವಿನ ನಿಲ್ದಾಣದ ಒಳಗೇ ಇದ್ದು ಮುಂದಿನ ವಿಮಾನ ಹತ್ತಬಹುದು. ಟಿಕೆಟ್ ಎರಡಾದರೆ ಮೊದಲ ಸಂಸ್ಥೆಗೆ ನಿಮ್ಮ ಮುಂದಿನ ಪ್ರಯಾಣದ ಸಂಬಂಧವಿಲ್ಲ. ಬ್ಯಾಗು ನಡುವಿನ ನಿಲ್ದಾಣದ ಬೆಲ್ಟಿಗೆ ಬಂದು ಬೀಳುತ್ತದೆ. ಬೆಲ್ಟ್ ಇರುವುದು ಇಮಿಗ್ರೇಷನ್ ಆಚೆಗೆ. ಅಲ್ಲಿಗೆ ಹೋಗಬೇಕೆಂದರೆ ಆ ದೇಶದ ಪ್ರವೇಶ ವೀಸಾ ಬೇಕು. ಅದಿಲ್ಲವೆಂದು ಮೊದಲ ವಿಮಾನ ಹತ್ತುವಾಗಲೇ ತಡೆಯಬಹುದು. ವೀಸಾ ಇದ್ದರೂ ಇಮಿಗ್ರೇಷನ್ ಸಾಲು, ಬೆಲ್ಟಿನ ಕಾಯುವಿಕೆ, ಕಸ್ಟಮ್ಸ್, ಮತ್ತೆ ಚೆಕ್-ಇನ್, ಮತ್ತೆ ಸೆಕ್ಯುರಿಟಿ. ಅಂತಾರಾಷ್ಟ್ರೀಯ ವಿಮಾನದ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ನಿಮ್ಮ ಮೂರು ಗಂಟೆಯಲ್ಲಿ ಕೈಗೆ ಸಿಗುವುದು ಎರಡೇ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅದನ್ನು ‘ನೋ-ಷೋ’ (ಪ್ರಯಾಣಿಕರು ಬರಲೇ ಇಲ್ಲ) ಎಂದು ಬರೆದುಕೊಳ್ಳುತ್ತಾರೆ, ಅದೇ ಟಿಕೆಟ್‌ನಲ್ಲಿ ವಾಪಸಾತಿ ಇದ್ದರೆ ಅದೂ ರದ್ದಾಗುತ್ತದೆ. ಕೈಚೀಲ ಮಾತ್ರ ಒಯ್ಯುವವರು, ಆ ದೇಶಕ್ಕೆ ವೀಸಾ ಇರುವವರು, ನಡುವೆ ಒಂದು ರಾತ್ರಿ ತಂಗಲು ಸಿದ್ಧರಿರುವವರು ಈ ಉಳಿತಾಯ ಮಾಡಬಹುದು.

ಒಂದೇ ಟಿಕೆಟ್ ಇದ್ದರೂ ಕೆಲವು ಕಡೆ ಎಚ್ಚರ ಬೇಕು. ಅಮೆರಿಕದಲ್ಲಿ ವಿಮಾನ ಬದಲಿಸಲು ಪ್ರತ್ಯೇಕ ಟ್ರಾನ್ಸಿಟ್ ವಲಯವೆಂಬುದೇ ಇಲ್ಲ. ಬೇರೆ ದೇಶಕ್ಕೆ ಹೊರಟವರೂ ಇಮಿಗ್ರೇಷನ್ ದಾಟಲೇಬೇಕು, ಅದಕ್ಕೆ ವೀಸಾ ಅಥವಾ ವೀಸಾ ವಿನಾಯಿತಿಯ ಅನುಮತಿ ಬೇಕು. ಷೆಂಗೆನ್ ವಲಯದ ಒಂದು ನಿಲ್ದಾಣದಲ್ಲಿ ಇಳಿದು ಅದೇ ವಲಯದ ಇನ್ನೊಂದರ ಮೂಲಕ ಹೊರಗೆ ಹೋಗುವುದಾದರೆ, ಉದಾಹರಣೆಗೆ ಫ್ರಾಂಕ್‌ಫರ್ಟ್, ಅಲ್ಲಿಂದ ಪ್ಯಾರಿಸ್, ಅಲ್ಲಿಂದ ಕೆನಡಾ, ಫ್ರಾಂಕ್‌ಫರ್ಟಿನಲ್ಲೇ ನೀವು ಷೆಂಗೆನ್ ಪ್ರವೇಶಿಸಿದಂತೆ. ಲಂಡನ್ನಿನ ಹೀಥ್ರೂ ಮತ್ತು ಗ್ಯಾಟ್ವಿಕ್, ಟೋಕಿಯೊದ ನರಿಟಾ ಮತ್ತು ಹನೇಡಾ ಹೀಗೆ ಇಳಿಯುವ, ಹತ್ತುವ ನಿಲ್ದಾಣಗಳೇ ಬೇರೆಯಾದರೂ ದೇಶದೊಳಗೆ ಹೋಗಲೇಬೇಕು. ಬ್ಯಾಗ್ ಕೊಟ್ಟಾಗ ಟ್ಯಾಗಿನ ಮೇಲಿನ ಮೂರಕ್ಷರದ ಕೋಡ್ ನಿಮ್ಮ ಕೊನೆಯ ನಿಲ್ದಾಣದ್ದೇ ಎಂದು ಅಲ್ಲೇ ಓದಿ.

ಪ್ರಶ್ನೆ: ಷೆಂಗೆನ್ ವೀಸಾ ಒಂದು ವರ್ಷಕ್ಕೆ ಸಿಕ್ಕಿದೆ. ಹಾಗಾದರೆ ಮಗಳ ಮನೆಯಲ್ಲಿ ವರ್ಷವಿಡೀ ಇರಬಹುದೇ?

ಇರುವ ಹಾಗಿಲ್ಲ. ವೀಸಾ ಚೀಟಿಯಲ್ಲಿರುವ ದಿನಾಂಕಗಳು ಯಾವಾಗಿನಿಂದ ಯಾವಾಗಿನವರೆಗೆ ಅದನ್ನು ಬಳಸಬಹುದು ಎಂದಷ್ಟೇ ಹೇಳುತ್ತವೆ. ಎಷ್ಟು ದಿನ ಇರಬಹುದು ಎಂಬುದು ‘ಡ್ಯುರೇಷನ್ ಆಫ್ ಸ್ಟೇ’ ಎಂಬಲ್ಲಿರುತ್ತದೆ. ಹೆಚ್ಚೆಂದರೆ ಯಾವುದೇ 180 ದಿನಗಳಲ್ಲಿ 90. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. 180 ದಿನ ಎಂಬುದು ಜನವರಿಯಿಂದ ಜೂನ್ ಎಂದು ಕಟ್ಟಿಟ್ಟದ್ದಲ್ಲ, ಅಲ್ಲಿರುವ ಪ್ರತಿ ದಿನವೂ ಆ ದಿನದಿಂದ ಹಿಂದಕ್ಕೆ ಎಣಿಸಬೇಕು.

ಮಾರ್ಚ್ 1ಕ್ಕೆ ಹೋಗಿ ಏಪ್ರಿಲ್ 29ಕ್ಕೆ ಹೊರಟಿರಿ ಎನ್ನಿ, 60 ದಿನ ಆಯಿತು. ಜುಲೈ 1ಕ್ಕೆ ಮತ್ತೆ ಹೋದರೆ ಹಿಂದಿನ 180 ದಿನಗಳಲ್ಲಿ ಆ 60 ಪೂರ್ತಿ ಸೇರಿರುತ್ತವೆ, ಉಳಿದದ್ದು 30. ಜುಲೈ 30ರ ಒಳಗೆ ಹೊರಡಬೇಕು. ಮಾರ್ಚ್ 1 ಲೆಕ್ಕದಿಂದ ಬಿಟ್ಟುಹೋಗುವುದು ಆಗಸ್ಟ್ 28ಕ್ಕೆ, ಅಂದಿನಿಂದ ದಿನಕ್ಕೊಂದರಂತೆ ನಿಮ್ಮ ಪಾಲು ಮರಳುತ್ತದೆ. ಯುರೋಪಿಯನ್ ಕಮಿಷನ್ ವೆಬ್‌ಸೈಟಿನಲ್ಲಿ ಇದಕ್ಕೊಂದು ಕ್ಯಾಲ್ಕುಲೇಟರ್ ಇದೆ, ಬೆರಳೆಣಿಕೆಗಿಂತ ಅದು ಮೇಲು.

ಅಮೆರಿಕದಲ್ಲೂ ಜನ ಹೀಗೇ ಎಡವುತ್ತಾರೆ. ಹತ್ತು ವರ್ಷದ ವೀಸಾ ಇದ್ದರೂ ಪ್ರತಿ ಸಲ ಎಷ್ಟು ದಿನ ಎಂಬುದನ್ನು ಇಮಿಗ್ರೇಷನ್‌ನವರು ನಿರ್ಧರಿಸಿ ಐ-94 ಎಂಬ ದಾಖಲೆಯಲ್ಲಿ ಬರೆಯುತ್ತಾರೆ. ಇಳಿದ ಮೇಲೆ ಅದನ್ನು ಆನ್‌ಲೈನಿನಲ್ಲಿ ತೆಗೆದು ನೋಡಿ, ಹೊರಡಬೇಕಾದ ಕೊನೆಯ ದಿನ ಅಲ್ಲಿರುತ್ತದೆ.

ಪ್ರಶ್ನೆ: ಅಮ್ಮನಿಗೆ ಇನ್ಸುಲಿನ್, ನಿದ್ರೆ ಮಾತ್ರೆ, ಕೆಮ್ಮಿನ ಸಿರಪ್ ಬೇಕು. ವೈದ್ಯರ ಚೀಟಿ ಇದ್ದರೆ ಯಾವ ದೇಶಕ್ಕಾದರೂ ಒಯ್ಯಬಹುದೇ?

ಇನ್ಸುಲಿನ್‌ಗೆ ಚೀಟಿ ಸಾಕು. ಉಳಿದೆರಡಕ್ಕೆ ಸಾಲದಿರಬಹುದು.

ನಿದ್ರೆ, ಆತಂಕ, ತೀವ್ರ ನೋವಿನ ಮಾತ್ರೆಗಳು, ಕೊಡೀನ್ ಎಂಬ ಅಫೀಮು ವರ್ಗದ ಅಂಶ ಇರುವ ಕೆಮ್ಮಿನ ಔಷಧ ಹಲವು ದೇಶಗಳಲ್ಲಿ ನಿಯಂತ್ರಿತ ಪದಾರ್ಥಗಳು. ಸಿಂಗಪುರ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಇಂಥವನ್ನು ಒಯ್ಯಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ. ಜಪಾನ್ ಆಂಫೆಟಮಿನ್ ಇರುವ ಔಷಧವನ್ನು ಚೀಟಿ ಇದ್ದರೂ ಒಳಗೆ ಬಿಡುವುದಿಲ್ಲ. ಶೇ 10ಕ್ಕಿಂತ ಹೆಚ್ಚು ಸ್ಯೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆಗೂ ಅಲ್ಲಿ ನಿಷೇಧವಿದೆ. ಚೀಟಿಯ ಸಾಮಾನ್ಯ ಔಷಧ ಒಂದು ತಿಂಗಳಿಗಿಂತ ಹೆಚ್ಚು ಬೇಕಾದರೆ ಜಪಾನಿನಿಂದ ಮೊದಲೇ ಆಮದು ದೃಢೀಕರಣ ಪತ್ರ ತರಿಸಬೇಕು. ಹೀಗಾಗಿ ಸಿರಪ್ ಬಾಟಲಿಯ ಲೇಬಲ್ಲಿನಲ್ಲಿ ಕೊಡೀನ್ ಹೆಸರಿದೆಯೇ ಎಂದು ಇವತ್ತೇ ನೋಡಿ. ಇದ್ದರೆ ವೈದ್ಯರಿಗೆ ಹೇಳಿ ಅದಿಲ್ಲದ ಸಿರಪ್ ಬರೆಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

ಚೀಟಿ ಇಂಗ್ಲಿಷಿನಲ್ಲಿ, ಟೈಪ್ ಮಾಡಿದ್ದಾಗಿರಲಿ. ರೋಗಿಯ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಬ್ರ್ಯಾಂಡ್ ಹೆಸರಿನ ಬದಲು ಜೆನೆರಿಕ್ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಎಂದು ಬರೆಸಿ. ಬ್ರ್ಯಾಂಡ್ ಹೆಸರು ಗಡಿ ದಾಟಿದರೆ ಯಾರಿಗೂ ತಿಳಿಯದು. ಜೆನೆರಿಕ್ ಹೆಸರೂ ಕೆಲವೊಮ್ಮೆ ಬೇರೆ: ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಇನ್‌ಹೇಲರ್ ಅಲ್ಲಿ ಆಲ್ಬುಟೆರಾಲ್. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜ್ ವಿಭಾಗದಲ್ಲಿ ಹೆಪ್ಪುಗಟ್ಟುವ ಅಪಾಯವಿದೆ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಪ್ರಯಾಣಕ್ಕೆ ಬೇಕಾದ ದ್ರವ ಔಷಧಕ್ಕೆ 100 ಮಿಲಿಲೀಟರ್ ಮಿತಿಯಿಂದ ಸಾಮಾನ್ಯವಾಗಿ ವಿನಾಯಿತಿ ಇದೆ, ಆದರೆ ಸೆಕ್ಯುರಿಟಿಯಲ್ಲಿ ಪ್ರತ್ಯೇಕವಾಗಿ ತೆಗೆದು ತೋರಿಸಬೇಕು.

ಪ್ರಶ್ನೆ: 30,000 ಎಂಎಎಚ್ ಪವರ್ ಬ್ಯಾಂಕ್ ಮತ್ತು ಹೇರ್ ಡ್ರೈಯರ್ ಒಯ್ಯಬಹುದೇ?

ಪವರ್ ಬ್ಯಾಂಕ್ ಮಿತಿ ಇರುವುದು ವ್ಯಾಟ್-ಅವರ್‌ನಲ್ಲಿ. ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000ಕ್ಕೆ 74 ಬರುತ್ತದೆ, ನಿಮ್ಮದಕ್ಕೆ 111. 100ರವರೆಗೆ ಅನುಮತಿ ಕೇಳಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಕೈಚೀಲದಲ್ಲಿ ಮಾತ್ರ, ಚೆಕ್-ಇನ್ ಬ್ಯಾಗಿನಲ್ಲಿ ಎಂದೂ ಇಲ್ಲ. ಸಾಮರ್ಥ್ಯ ಬರೆದ ಅಕ್ಷರ ಅಳಿಸಿಹೋದದ್ದನ್ನು ಸೆಕ್ಯುರಿಟಿಯಲ್ಲೇ ತೆಗೆದಿಟ್ಟುಕೊಳ್ಳಬಹುದು. ಚಿಕ್ಕದೊಂದು ಕೊಂಡುಕೊಳ್ಳಿ.

ಹೇರ್ ಡ್ರೈಯರ್ ಮನೆಯಲ್ಲೇ ಬಿಡಿ. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. 230 ವೋಲ್ಟಿನ 1200 ವ್ಯಾಟ್ ಡ್ರೈಯರ್ ಜಪಾನಿನ 100 ವೋಲ್ಟಿನಲ್ಲಿ ಸುಮಾರು 230 ವ್ಯಾಟ್ ಕೊಡುತ್ತದೆ, ಕೂದಲು ಒಣಗುವುದಿಲ್ಲ. ತಿರುಗುಮುರುಗಾದರೆ ಅಪಾಯ: 120 ವೋಲ್ಟಿನ ಸಾಧನ 230ಕ್ಕೆ ಸಿಕ್ಕಿಸಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ವಿದ್ಯುತ್ ಎಳೆದು ಸುಟ್ಟುಹೋಗುತ್ತದೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳ ಮೇಲೆ ‘100–240 ವಿ, 50/60 ಹರ್ಟ್ಸ್’ ಎಂದಿದ್ದರೆ ಅಡಾಪ್ಟರ್ ಒಂದೇ ಸಾಕು.

ಪ್ರಶ್ನೆ: ಹೊರದೇಶದ ಅಂಗಡಿಯ ಕಾರ್ಡ್ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ?’ ಎಂದು ಕೇಳುತ್ತದಂತೆ. ಯಾವುದು ಒಳ್ಳೆಯದು?

ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ನಿಮ್ಮ ದೇಶದ ಹಣ ಆರಿಸಿದರೆ ವಿನಿಮಯ ದರ ಹಾಕುವವರು ಆ ಯಂತ್ರದ ಕಂಪನಿಯವರು, ತಮ್ಮ ಲಾಭವನ್ನು ಅದರಲ್ಲೇ ಸೇರಿಸಿರುತ್ತಾರೆ. ಎಟಿಎಂ ಇದನ್ನೇ ಸುತ್ತಿ ಬಳಸಿ ಕೇಳುತ್ತದೆ. ಅಲ್ಲಿ ‘ಪರಿವರ್ತನೆ ಬೇಡ’ ಎಂಬ ಅರ್ಥದ ಗುಂಡಿ ಒತ್ತಿ, ಹಣ ಹೇಗೂ ಬರುತ್ತದೆ. ಹೋಟೆಲ್ ಮತ್ತು ಬಾಡಿಗೆ ಕಾರಿನವರು ಠೇವಣಿಯಾಗಿ ಒಂದಷ್ಟು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ಹಣವೇ ಕೆಲವು ದಿನ ಸಿಕ್ಕಿಹಾಕಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಕ್ರೆಡಿಟ್ ಕಾರ್ಡ್ ಕೊಡಿ.

ಪ್ರಶ್ನೆ: ಬ್ಯಾಗು ಒಡೆದು ಬಂದರೆ ಎಷ್ಟು ದಿನದೊಳಗೆ ದೂರು ಕೊಡಬೇಕು?

ಬೆಲ್ಟಿನ ಹತ್ತಿರದ ಕೌಂಟರಿನಲ್ಲೇ ಬರೆಸಿ, ಪಿಐಆರ್ ಎಂಬ ವರದಿಯ ಪ್ರತಿ ಪಡೆದೇ ಹೊರಗೆ ಬನ್ನಿ. ವಿಮಾನ ಸಂಸ್ಥೆಗಳ ಹೊಣೆಯನ್ನು ನಿಗದಿ ಮಾಡುವ ಅಂತಾರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ಲಿಖಿತ ದೂರಿಗೆ ಬ್ಯಾಗು ಕೈಸೇರಿದ 7 ದಿನ, ತಡವಾಗಿ ಸಿಕ್ಕ ಬ್ಯಾಗಿಗೆ ಸಿಕ್ಕಿದ ಮೇಲೆ 21 ದಿನ ಗಡುವು. ಟ್ಯಾಗಿನ ತುಂಡು, ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಪ್ರಶ್ನೆ: ಕಳೆದುಹೋಯಿತೆಂದು ದೂರು ಕೊಟ್ಟ ಪಾಸ್‌ಪೋರ್ಟ್ ಮರುದಿನ ಸೂಟ್‌ಕೇಸಿನಲ್ಲೇ ಸಿಕ್ಕಿದರೆ ಬಳಸಬಹುದೇ?

ಬಳಸಲೇಬೇಡಿ. ರಾಯಭಾರ ಕಚೇರಿಗೆ ತಿಳಿಸಿದ ಮೇಲೆ ಆ ಪಾಸ್‌ಪೋರ್ಟ್ ರದ್ದಾಗುತ್ತದೆ, ಅದರ ಸಂಖ್ಯೆ ಇಂಟರ್‌ಪೋಲ್‌ನ ಕಳೆದುಹೋದ ದಾಖಲೆಗಳ ಪಟ್ಟಿಗೂ ಸೇರಬಹುದು. ಗಡಿಯಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ತಡೆದು ವಿಚಾರಿಸುತ್ತಾರೆ. ಸಿಕ್ಕಿದ್ದನ್ನು ರಾಯಭಾರ ಕಚೇರಿಗೆ ಒಪ್ಪಿಸಿ, ತುರ್ತು ಪ್ರಯಾಣ ಪತ್ರ ಅಥವಾ ಹೊಸ ಪಾಸ್‌ಪೋರ್ಟ್ ಪಡೆಯಿರಿ. ಹೊಸದರಲ್ಲಿ ಆ ದೇಶಕ್ಕೆ ಬಂದ ಮೊಹರು ಇರುವುದಿಲ್ಲ, ಆದ್ದರಿಂದ ಕೆಲವು ದೇಶಗಳಲ್ಲಿ ಹೊರಡುವ ಮುನ್ನ ಇಮಿಗ್ರೇಷನ್ ಕಚೇರಿಯಿಂದ ನಿರ್ಗಮನ ಅನುಮತಿಯನ್ನೂ ಪಡೆಯಬೇಕಾಗುತ್ತದೆ. ಪೊಲೀಸ್ ದೂರಿನ ಪ್ರತಿ, ಹಳೆಯ ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ ಮತ್ತು ಪ್ರವೇಶ ಮೊಹರಿನ ಚಿತ್ರ ಫೋನಿನ ಹೊರಗೂ ಎಲ್ಲಾದರೂ ಇದ್ದರೆ ಆ ಕೆಲಸ ಬೇಗ ಮುಗಿಯುತ್ತದೆ. ವಾಪಸಾತಿ ಟಿಕೆಟ್ ಮುಂದೂಡುವುದಿದ್ದರೆ ಆ ಅನುಮತಿಗೆ ಎಷ್ಟು ದಿನ ಬೇಕೆಂದು ಕೇಳಿಕೊಂಡ ಮೇಲೆಯೇ ಹೊಸ ತಾರೀಖು ಹಾಕಿಸಿ.