ಎತ್ತರದ ಟಗರು, ಮೆದು ಮಾಂಸ

ಪ್ರಶ್ನೆ: ಬನ್ನೂರು ಕುರಿಗಳಿಗೆ ಎತ್ತರದ ಹೊರತಳಿ ಟಗರು ಬಿಟ್ಟೆ. ಮರಿಗಳು ಬೇಗ ಬೆಳೆದವು. ಗಿರಾಕಿಗಳು ಮಾತ್ರ ಮಾಂಸ ಮೊದಲಿನಂತಿಲ್ಲ ಅನ್ನುತ್ತಾರೆ. ನಿಜವೇ?
– ಓದುಗರು, ಮಳವಳ್ಳಿ

ಉತ್ತರ: ಗಿರಾಕಿಗಳ ಮಾತು ತಳ್ಳಿಹಾಕಬೇಡಿ ಸ್ವಾಮಿ. ಬನ್ನೂರು ಕುರಿಯನ್ನು ಹಿಂದಿನಿಂದ ನೋಡಿ: ಗಿಡ್ಡ ಕಾಲು, ತುಂಬಿದ ತೊಡೆ, ತಲೆಕೆಳಗಾದ ‘ಯು’ ಅಕ್ಷರದ ಹಾಗೆ. ಕೊಬ್ಬು ಮಾಂಸದ ನಡುವೆಯೇ ಹರಡಿರುತ್ತದೆ, ಅದಕ್ಕೇ ಅಷ್ಟು ಮೆದು. ಎತ್ತರದ ಮರಿಯ ತೂಕದಲ್ಲಿ ಮೂಳೆಯ ಪಾಲೂ ಸೇರಿರುತ್ತದೆ.

ಒಂದೇ ತಿಂಗಳಲ್ಲಿ ಹುಟ್ಟಿದ ಎರಡೂ ಬಗೆಯ ಗಂಡುಮರಿಗಳನ್ನು ಒಂದೇ ಬೀಳಿನಲ್ಲಿ ಮೇಯಿಸಿ. 3 ಮತ್ತು 6 ತಿಂಗಳಿಗೆ ತೂಗಿ. ಕೊಯ್ದ ಮೇಲೆ ಮಾಂಸ, ಮೂಳೆ ಬೇರೆಬೇರೆ ತೂಗಿ. ವಯಸ್ಸು ಹೆಚ್ಚುಕಮ್ಮಿಯಾದರೆ ಹೋಲಿಕೆ ಕೆಡುತ್ತದೆ; ಬಲಿತ ಟಗರಿನ ಮಾಂಸ ಯಾವ ತಳಿಯದಾದರೂ ಗಟ್ಟಿಯೇ.

ಅಚ್ಚ ಬನ್ನೂರು ಹೆಣ್ಣುಮರಿಗಳನ್ನು ದಯವಿಟ್ಟು ಮಾರಬೇಡಿ. ನಮ್ಮ ಹಟ್ಟಿಯಲ್ಲೂ ಇದೇ ಆಸೆಗೆ ಬೆರಕೆ ಮಾಡಿ, ಆಮೇಲೆ ಅಚ್ಚ ಟಗರಿಗಾಗಿ ಊರೂರು ಅಲೆದಿದ್ದೇನೆ.